ಡಬಲ್ ಪರದೆಯ ಬ್ರಾಕೆಟ್ ಗೋಡೆಯಿಂದ ಕಿತ್ತು ಬಂತು, ಈ ಸಲ ಏನು ಹಾಕಿಸಲಿ?

ಜೇವರ್ಗಿ ರೋಡ್‌ನವ:
ಶರಣ್ರಿ ಎಲ್ಲರಿಗೂ. ನಮ್ಮ ಹಾಲ್‌ನ ಕಿಟಕಿ ಪಡುವಣಕ್ಕಿದೆ. ಆರು ಅಡಿ ಅಗಲ. ಕಲಬುರಗಿ ಬಿಸಿಲು ನಿಮಗೆ ಹೇಳಬೇಕಾಗಿಲ್ಲ, ಮಧ್ಯಾಹ್ನ ಮೂರು ಆದರೆ ಸೋಫಾ ಮೇಲೆ ಕೂರೋಕೆ ಆಗಲ್ಲ. ಅದಕ್ಕೆ ಒಳಗೊಂದು ನೆಟ್ ಪರದೆ, ಮುಂದೊಂದು ದಪ್ಪ ಬ್ಲ್ಯಾಕೌಟ್ ಪರದೆ ಅಂತ ಎರಡು ರಾಡ್ ಹಿಡಿಯುವ ಬ್ರಾಕೆಟ್ ಆನ್‌ಲೈನ್‌ನಲ್ಲಿ ತರಿಸಿ, ನಾನೇ ಡ್ರಿಲ್ ತಂದು ಹಾಕಿದೆ. ಎರಡೂ ಒಂದು ಇಂಚಿನ ಸ್ಟೀಲ್ ಪೈಪು. ಮೂರು ವಾರ ಚೆನ್ನಾಗಿತ್ತು. ಮೊನ್ನೆ ಸಣ್ಣ ಮಗ ಪರದೆ ಹಿಂದೆ ಅಡಗಿ ಕೂತವನು ಏಳುವಾಗ ಬಟ್ಟೆ ಹಿಡಿದು ಎದ್ದ. ಬಲಗಡೆಯ ಬ್ರಾಕೆಟ್ ಮುಷ್ಟಿಯಷ್ಟು ಪ್ಲಾಸ್ಟರ್ ಸಮೇತ ಕೆಳಗೆ. ಮಗನಿಗೆ ಏನೂ ಆಗಲಿಲ್ಲ, ಪುಣ್ಯ. ಮನೆಯವಳು ಮಾತ್ರ ಇನ್ನೂ ಮಾತಾಡಿಸ್ತಿಲ್ಲ.

ಈ ಸಲ ಭಾರಿ ಬ್ರಾಕೆಟ್ ತರಬೇಕು ಅಂದುಕೊಂಡಿದ್ದೇನೆ. ಯಾವುದು ಒಳ್ಳೆಯದು ಹೇಳಿ. ಹಿತ್ತಾಳೆಯದ್ದು ತಂದರೆ ಹೇಗೆ?

ಕರೆಂಟ್ ಕಾಕಾ:
ಹಿತ್ತಾಳೆಯದ್ದಾಗಲಿ ಬಂಗಾರದ್ದಾಗಲಿ, ಮೊದಲು ಇದನ್ನು ಹೇಳಿ. ತೂತು ಕೊರೆಯುವಾಗ ಎಂಥ ಪುಡಿ ಬಂತು? ಕೆಂಪಾ, ಬೂದಿನಾ? ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಗೋಡೆಯಲ್ಲೇ ಉಳಿಯಿತಾ, ಸ್ಕ್ರೂ ಜೊತೆ ಬಂತಾ? ಬ್ರಾಕೆಟ್ ಬಾಗಿದೆಯಾ?

ಜೇವರ್ಗಿ ರೋಡ್‌ನವ:
ಬೂದಿ ಬಣ್ಣದ ಮೆತ್ತನೆ ಪುಡಿ ಕಾಕಾ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು, ನನಗೆ ಖುಷಿಯೇ ಆಗಿತ್ತು. ಪ್ಲಗ್ ಸ್ಕ್ರೂ ಜೊತೆಗೇ ಬಂದಿದೆ. ಬ್ರಾಕೆಟ್ ನೆಟ್ಟಗಿದೆ, ಒಂದು ಗೀರೂ ಇಲ್ಲ.

ಕರೆಂಟ್ ಕಾಕಾ:
ಹಾಗಾದರೆ ಬ್ರಾಕೆಟ್ ತಪ್ಪೇ ಇಲ್ಲ. ಪಾಪ, ಅದು ತನ್ನ ಕೆಲಸ ಮಾಡಿದೆ. ನೀವು ಅದನ್ನು ಗೋಡೆಗೆ ಹೊಡೆದಿಲ್ಲ, ಪ್ಲಾಸ್ಟರಿಗೆ ಹೊಡೆದಿದ್ದೀರಿ.

ಇಪ್ಪತ್ತು ವರ್ಷ ವೈರಿಂಗ್ ಕೆಲಸ ಮಾಡಿದ್ದೇನೆ, ಪರದೆ ರಾಡ್ ಬಿದ್ದ ಮನೆ ನೂರು ನೋಡಿರಬೇಕು. ಬಹಳಷ್ಟು ಕಡೆ ಇದೇ ಕಥೆ. ಪ್ಯಾಕೆಟ್‌ನಲ್ಲಿ ಕೊಡುವ ಸ್ಕ್ರೂ ಒಂದು ಇಂಚು. ನಮ್ಮ ಕಡೆ ಒಳಗಿನ ಪ್ಲಾಸ್ಟರ್ 12 ಎಂಎಂನಿಂದ 20 ಎಂಎಂ ತನಕ ಇರುತ್ತದೆ, ಗೋಡೆ ಸೊಟ್ಟಗಿದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಪುಟ್ಟಿ ಬೇರೆ. ಬ್ರಾಕೆಟ್ ತಗಡಿನ ದಪ್ಪ ಕಳೆದರೆ ಆ ಒಂದು ಇಂಚಿನಲ್ಲಿ ಇಟ್ಟಿಗೆಯ ತನಕ ಹೋಗುವುದು ಏನು ಉಳಿಯಿತು ಹೇಳಿ. ಆ ಸ್ಕ್ರೂಗಳನ್ನು ಮಕ್ಕಳ ಆಟಕ್ಕೆ ಕೊಡಿ. ಅಂಗಡಿಯಲ್ಲಿ 8 ನಂಬರ್ ಸ್ಕ್ರೂ ಎರಡು ಇಂಚಿನದ್ದು, ಅದಕ್ಕೆ 6 ಎಂಎಂ ಪ್ಲಗ್ ತನ್ನಿ. ಇನ್ನೂ ಭದ್ರ ಬೇಕಾದರೆ 10 ನಂಬರ್ ಸ್ಕ್ರೂ, 8 ಎಂಎಂ ಪ್ಲಗ್. ಬ್ರಾಕೆಟ್ ತೂತಿನಲ್ಲಿ ಆ ಸ್ಕ್ರೂ ಹೋಗುತ್ತದಾ ಅಂತ ಅಂಗಡಿಯಲ್ಲೇ ತೂರಿಸಿ ನೋಡಿ. ಪ್ಲಗ್ ಪೂರ್ತಿ ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಕೂರಬೇಕು, ತೂತಿನ ಬಾಯಲ್ಲಿ ಅಲ್ಲ. ಅದರ ತಲೆ ಗೋಡೆಯ ಮಟ್ಟಕ್ಕೆ ಕಾಣುವ ಹಾಗೆ ಬಿಡಬೇಡಿ, ಸ್ಕ್ರೂ ತುದಿಯಿಂದ ಇನ್ನೂ ಅರ್ಧ ಇಂಚು ಒಳಗೆ ತಳ್ಳಿ.

ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದಿ ಪುಡಿ ಬಂದು ಬಿಟ್ ಒಳಗೆ ಹೋಗಲು ಒದ್ದಾಡಿದರೆ ಕಾಂಕ್ರೀಟು. ಬೂದಿ ಪುಡಿ ಬಂದು ಸಲೀಸಾಗಿ ಹೋದರೆ ಖುಷಿ ಪಡಬೇಡಿ, ಇನ್ನೂ ಪ್ಲಾಸ್ಟರ್‌ನಲ್ಲೇ ಇದ್ದೀರಿ, ಇಲ್ಲಾ ಎರಡು ಇಟ್ಟಿಗೆ ನಡುವಿನ ಗಾರೆಗೆ ಬಿದ್ದಿದ್ದೀರಿ.

ಲೆಕ್ಕದ ಟೀಚರ್:
ಕಾಕಾ ಹೇಳಿದ್ದು ಸರಿ, ಆದರೆ ಬ್ರಾಕೆಟ್ ತಪ್ಪೇ ಇಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ.

ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ ಒಂದು ಪರದೆ ಸುಮಾರು 2.6 ಚದರ ಮೀಟರ್. ಬಟ್ಟೆ ಚದರ ಮೀಟರಿಗೆ 300 ಗ್ರಾಂನದ್ದು ಅಂದುಕೊಂಡರೆ ಒಂದು ಪರದೆ 780 ಗ್ರಾಂ. ನಾಲ್ಕು ಪರದೆ ಮೂರು ಕಿಲೋ ಚಿಲ್ಲರೆ. ಪೈಪು, ನೆಟ್ ಎಲ್ಲಾ ಕೂಡಿಸಿದರೂ ಐದಾರು ಕಿಲೋ. ಇದು ಭಾರವೇ ಅಲ್ಲ. ಭಾರ ಬರುವುದು ಎಳೆದಾಗ. ಡಬಲ್ ಬ್ರಾಕೆಟ್‌ನಲ್ಲಿ ಮುಂದಿನ ರಾಡ್ ಗೋಡೆಯಿಂದ ಆರು ಇಂಚು ಆಚೆ ಇರುತ್ತದೆ. ಮಗು ಬ್ರಾಕೆಟ್ ಹತ್ತಿರವೇ ಹಿಡಿದು 10 ಕಿಲೋದಷ್ಟು ಕೆಳಗೆ ಜಗ್ಗಿತು ಅನ್ನಿ. ಬ್ರಾಕೆಟ್ಟಿನ ತಗಡು ಗೋಡೆಗೆ ತಾಗುವ ಕೆಳಗಿನ ಅಂಚು ಮೀಟುಗೋಲಿನ ಆಧಾರದ ಹಾಗೆ ಕೆಲಸ ಮಾಡುತ್ತದೆ. ಮೇಲಿನ ಸ್ಕ್ರೂ ಆ ಅಂಚಿನಿಂದ ಎರಡೇ ಇಂಚು ಮೇಲಿದ್ದರೆ ಅದರ ಮೇಲೆ ಬೀಳುವ ಎಳೆತ 10 ಗುಣಿಸು 6, ಭಾಗಿಸು 2. ಮೂವತ್ತು ಕಿಲೋ! ಅದೇ ತಗಡು ಉದ್ದವಾಗಿದ್ದು ಸ್ಕ್ರೂ ನಾಲ್ಕೂವರೆ ಇಂಚು ಮೇಲಿದ್ದರೆ 13 ಕಿಲೋ ಅಷ್ಟೇ.

ಹಿತ್ತಾಳೆಯಾ ಸ್ಟೀಲಾ ಅನ್ನೋದು ಆಮೇಲೆ. ಗೋಡೆಗೆ ಕೂರುವ ತಗಡು ಮೇಲಿಂದ ಕೆಳಕ್ಕೆ ಎಷ್ಟು ಉದ್ದವಿದೆ ಅಂತ ನೋಡಿ. ಗುಂಡಗೆ ರೂಪಾಯಿ ನಾಣ್ಯದ ಹಾಗಿರುವ ಬುಡ ನೋಡೋಕೆ ಚೆಂದ, ಒಂಟಿ ರಾಡಿಗೆ ಸಾಕು. ಎರಡು ರಾಡಿಗೆ ಬೇಡ.

ಜೇವರ್ಗಿ ರೋಡ್‌ನವ:
ಟೀಚರ್, ನಮ್ಮದು ಗುಂಡಗೇ ಇದೆ. ಅಡ್ಡಡ್ಡ ಎರಡು ಸ್ಕ್ರೂ.

ಲೆಕ್ಕದ ಟೀಚರ್:
ಅಡ್ಡಡ್ಡನಾ! ಮುಗಿಯಿತು.

ಸೂಜಿದಾರ:
ನಾನು ಸೂಪರ್ ಮಾರ್ಕೆಟ್ ಹತ್ತಿರ ಪರದೆ ಹೊಲಿಯುತ್ತೇನೆ. ಸ್ಕ್ರೂ ಬಗ್ಗೆ ಇವರು ಹೇಳಿದ ಮೇಲೆ ನಾನು ಹೇಳೋದೇನಿಲ್ಲ. ಆದರೆ ಎರಡೂ ಪೈಪು ಒಂದು ಇಂಚಿನದ್ದು ಅಂದಿರಲ್ಲ, ಎರಡೂ ಪರದೆಗೆ ರಿಂಗ್ ಹೊಡೆಸಿದ್ದೀರಾ?

ಜೇವರ್ಗಿ ರೋಡ್‌ನವ:
ಹೌದು ಅಕ್ಕಾ, ಎರಡಕ್ಕೂ ಸ್ಟೀಲ್ ರಿಂಗ್.

ಸೂಜಿದಾರ:
ಅದೇ ಅಂದುಕೊಂಡೆ. ರಿಂಗ್ ಪರದೆ ನೆಟ್ಟಗೆ ನಿಲ್ಲಲ್ಲ, ಹಾವಿನ ಹಾಗೆ ಹಿಂದೆ ಮುಂದೆ ತಿರುಗುತ್ತದೆ. ಪೈಪಿನ ನಡುವಿನಿಂದ ಆ ಕಡೆ ಮೂರು ಇಂಚು, ಈ ಕಡೆ ಮೂರು ಇಂಚು ಜಾಗ ಕೇಳುತ್ತದೆ. ಡಬಲ್ ಬ್ರಾಕೆಟ್‌ನಲ್ಲಿ ಎರಡು ಪೈಪಿನ ನಡುವೆ ಇರುವುದೇ ಮೂರು ಇಂಚು. ಎರಡೂ ರಿಂಗಿನದ್ದಾದರೆ ಮುಂದಿನ ಪರದೆ ಸರಿಸಿದಾಗ ಹಿಂದಿನ ನೆಟ್ಟೂ ಜೊತೆಗೆ ಬರುತ್ತದೆ. ಸಿಕ್ಕಿಕೊಂಡಿದೆ ಅಂತ ಜನ ಜೋರಾಗಿ ಜಗ್ಗುತ್ತಾರೆ. ದಿನಾ ಎರಡು ಸಲ ಜಗ್ಗಿದರೆ ಯಾವ ಪ್ಲಗ್ ತಡೆಯುತ್ತದೆ? ನಿಮ್ಮ ಮಗನನ್ನು ಬಯ್ಯಬೇಡಿ, ಅವನು ಕೊನೆಗೆ ಬಂದವನು.

ನಾನು ಗಿರಾಕಿಗಳಿಗೆ ಹೇಳೋದು ಇಷ್ಟೇ. ಹಿಂದಿನ ನೆಟ್ಟಿಗೆ ರಿಂಗ್ ಬೇಡ. ಮೇಲಿನ ಅಂಚಿಗೆ ಪೈಪು ತೂರುವ ಹಾಗೆ ಮಡಚಿ ಹೊಲಿಸಿ, ಮುಕ್ಕಾಲು ಇಂಚಿನ ಅಥವಾ ಇನ್ನೂ ತೆಳ್ಳನೆ ಪೈಪು ಹಾಕಿ. ನೆಟ್ಟನ್ನು ದಿನಾ ಸರಿಸೋದಿಲ್ಲ ಅಲ್ವಾ, ಅದು ಅಲ್ಲೇ ನಿಂತಿರುತ್ತದೆ. ದಿನಾ ಸರಿಸಬೇಕು ಅನ್ನುವವರು ಹಿಂದೆ ಟ್ರ್ಯಾಕ್ ಹಾಕಿಸಿ. ಟ್ರ್ಯಾಕ್‌ನಲ್ಲಿ ಪರದೆ ಹಿಡಿಯುವ ರನ್ನರ್ ಒಳಗೇ ಓಡುತ್ತದೆ, ನಡುವಿನ ಬ್ರಾಕೆಟ್ ಅದಕ್ಕೆ ಅಡ್ಡ ಬರಲ್ಲ. ರಿಂಗ್ ಪರದೆಯಲ್ಲಿ ನಡುವಿನ ಬ್ರಾಕೆಟ್ ದಾಟಿ ಪರದೆ ಹೋಗಲ್ಲ, ಅರ್ಧ ಈ ಕಡೆ, ಅರ್ಧ ಆ ಕಡೆ ಅಷ್ಟೇ. ಆರು ಅಡಿ ಕಿಟಕಿಗೆ ನಿಮ್ಮ ಪೈಪು ಏಳೂವರೆ ಅಡಿ ಆಗುತ್ತದೆ, ನಡುವೆ ಒಂದು ಬ್ರಾಕೆಟ್ ಇಲ್ಲದಿದ್ದರೆ ಪೈಪು ಬಳ್ಳಿಯ ಹಾಗೆ ಇಳಿಬೀಳುತ್ತದೆ. ಹಾಕಿದ್ದೀರಾ?

ಜೇವರ್ಗಿ ರೋಡ್‌ನವ:
ಇಲ್ಲ. ಎಳೆದರೆ ಉದ್ದ ಆಗುವ ಪೈಪು, ಹತ್ತು ಅಡಿ ತನಕ ನಡುವೆ ಏನೂ ಬೇಡ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು.

ಸೂಜಿದಾರ:
ಪೆಟ್ಟಿಗೆ ಮೇಲೆ ಎಲ್ಲಾ ಬರೆಯುತ್ತಾರೆ. ಆ ಪೈಪು ಎರಡು ತುಂಡು ಒಂದರೊಳಗೊಂದು ಕೂರುವಂಥದ್ದು, ಜೋಡಿಸಿದ ಜಾಗದಲ್ಲೇ ಬಾಗುತ್ತದೆ. ಇಡೀ ಉದ್ದದ ಒಂದೇ ಪೈಪು ಕತ್ತರಿಸಿ ಕೊಡುತ್ತಾರೆ, ಅದನ್ನು ತನ್ನಿ.

ಕೋಟೆ ಊರಿನವ:
ಬೀದರ್‌ನಿಂದ. ನಮ್ಮ ಹಳೇ ಮನೆ ಕೆಂಪು ಜಂಬಿಟ್ಟಿಗೆ ಕಲ್ಲಿನದ್ದು. ಆ ಕಲ್ಲಿನ ತುಂಬಾ ಸಣ್ಣ ಸಣ್ಣ ತೂತು, ರವೆ ಉಂಡೆಯ ಹಾಗೆ. ಬಡಿಯುತ್ತಾ ಕೊರೆಯುವ ಸುತ್ತಿಗೆ ಮೋಡ್ ಹಾಕಿ ಡ್ರಿಲ್ ಒತ್ತಿದರೆ 6 ಎಂಎಂ ತೂತು ಹೋಗಿ ಲಿಂಬೆಹಣ್ಣು ಹಿಡಿಯುವಷ್ಟು ಗುಂಡಿ ಆಗುತ್ತದೆ. ನಾನು ಮೂರು ಸಲ ಹಾಳು ಮಾಡಿದ ಮೇಲೆ ಒಬ್ಬ ಬಡಿಗೇರ ಕಾಕಾ ಬಂದು ನೋಡಿ ನಕ್ಕುಬಿಟ್ಟ. ನಮ್ಮೂರಿನ ಹಳೇ ಕಾಲದ ನೀರಿನ ಕರೇಜ್ ಸುರಂಗವನ್ನೇ ಇದೇ ಕಲ್ಲಿನಲ್ಲಿ ಕೊರೆದಿದ್ದಾರೆ ತಮ್ಮಾ, ನಿನಗೆ ಒಂದು ಮೊಳೆ ಆಗಲಿಲ್ಲವಾ ಅಂದ.

ಅವನು ಮಾಡಿದ್ದು ಇದು. ನಾಲ್ಕು ಇಂಚು ಅಗಲ, ಒಂದು ಇಂಚು ದಪ್ಪದ ಸಾಗವಾನಿ ಪಟ್ಟಿ ತಂದು, ಕಿಟಕಿ ಮೇಲೆ ಈ ತುದಿಯಿಂದ ಆ ತುದಿಗೆ ಆರು ಕಡೆ ಉದ್ದ ಸ್ಕ್ರೂ ಹಾಕಿ ಕೂರಿಸಿದ. ಕಲ್ಲು ಗಟ್ಟಿ ಇರುವ ಕಡೆ ನೋಡಿ ನೋಡಿ ಹಾಕಿದ, ಒಂದು ಸರಿಯಾಗಿ ಹಿಡಿಯದಿದ್ದರೂ ಉಳಿದ ಐದು ಹಿಡಿದಿರುತ್ತವೆ. ಆಮೇಲೆ ಬ್ರಾಕೆಟ್ಟುಗಳನ್ನು ಆ ಮರಕ್ಕೆ ಹೊಡೆದ. ಮರಕ್ಕೆ ಗೋಡೆಯ ಬಣ್ಣವನ್ನೇ ಬಳಿದೆವು. ಏಳು ವರ್ಷ ಆಯಿತು, ನಮ್ಮ ಮನೆಯ ಬೆಕ್ಕು ಪರದೆ ಹತ್ತಿ ಮೇಲೆ ಕೂರುತ್ತದೆ, ಅಲ್ಲಾಡಿಲ್ಲ.

ತೊಗರಿ ಹೊಲ:
ಮರದ ಪಟ್ಟಿ ಒಳ್ಳೇ ಉಪಾಯ. ನಮ್ಮದು ಚಿತ್ತಾಪುರ ಕಡೆ ಹಳ್ಳಿ, ಗೋಡೆ ಪೂರ್ತಿ ಶಹಾಬಾದ್ ಕಲ್ಲು, ಮಣ್ಣಿನ ಕೆಸರಿನಲ್ಲಿ ಕಟ್ಟಿದ್ದು. ಕಲ್ಲಿನ ನಡುವಿನ ಸಂದಿಗೆ ಹೊಡೆದರೆ ಪ್ಲಗ್ ನಿಲ್ಲುವುದೇ ಇಲ್ಲ. ಕಲ್ಲಿಗೇ ಹೊಡೆದರೆ ಪದರ ಪದರ ಎದ್ದು ಬರುತ್ತದೆ. ಏನು ಮಾಡಲಿ?

ಕರೆಂಟ್ ಕಾಕಾ:
ಶಹಾಬಾದ್ ಫರಸಿ ಕಲ್ಲು ಪದರದ ಕಲ್ಲು. ಅಂಚಿನ ಹತ್ತಿರ ಸುತ್ತಿಗೆ ಮೋಡ್ ಹಾಕಿದರೆ ಒಡೆದೇ ಒಡೆಯುತ್ತದೆ. ದಪ್ಪನೆ ಕಲ್ಲು ಹುಡುಕಿ, ಅಂಚಿನಿಂದ ಎರಡು ಇಂಚಾದರೂ ಒಳಗೆ ಬನ್ನಿ. ಹೊಸ ಬಿಟ್ ಹಾಕಿ ಬರೀ ತಿರುಗಣೆಯಲ್ಲಿ ಶುರು ಮಾಡಿ. ಮೊದಲು 4 ಎಂಎಂ, ಆಮೇಲೆ 6. ಬಿಟ್ ಕಾದರೆ ತೆಗೆದು ತಣ್ಣಗೆ ಮಾಡಿ, ಅವಸರ ಬೇಡ. ಕಲ್ಲಿಗೆ ಒಮ್ಮೆ ಸರಿಯಾಗಿ ಕೂತರೆ ಇಟ್ಟಿಗೆಗಿಂತ ಭದ್ರ.

ಸಂದಿಯೇ ಗತಿ ಅಂದರೆ ಹಳೇ ಗೌಂಡಿಗಳ ದಾರಿ ಇದೆ. ಮಣ್ಣು ಕೆರೆದು ಮೂರು ನಾಲ್ಕು ಇಂಚು ಆಳ ಮಾಡಿ, ಒಳಗಡೆ ಅಗಲ ಹೊರಗಡೆ ಸಣ್ಣ ಇರುವ ಮರದ ಗಿಟ್ಟಿ ಇಟ್ಟು ಸಿಮೆಂಟ್ ತುಂಬುವುದು. ನೀರು ಹೊಡೆಯುತ್ತಾ ನಾಲ್ಕೈದು ದಿನ ಬಿಟ್ಟು ಆಮೇಲೆ ಗಿಟ್ಟಿಗೆ ಸ್ಕ್ರೂ. ಹಿಂದೆ ಸ್ವಿಚ್ ಬೋರ್ಡುಗಳನ್ನೆಲ್ಲ ಹೀಗೇ ಕೂರಿಸುತ್ತಿದ್ದೆವು.

ಬಾಡಿಗೆ ಮನೆ:
ನಮ್ಮ ಮಾಲೀಕರು ಒಂದು ಮೊಳೆ ಹೊಡೆಯಲೂ ಬಿಡಲ್ಲ. ಅಂಟಿಸುವ ಹುಕ್ ಬರುತ್ತವಲ್ಲ, ಅದಕ್ಕೆ ಡಬಲ್ ರಾಡ್ ಹಾಕಬಹುದಾ?

ಲೆಕ್ಕದ ಟೀಚರ್:
ಬೇಡ. ಅದು ಗೋಡೆಗೆ ಅಂಟಲ್ಲ, ಬಣ್ಣಕ್ಕೆ ಅಂಟುತ್ತದೆ. ಡಿಸ್ಟೆಂಪರ್ ಆದರೆ ಎರಡೇ ದಿನಕ್ಕೆ ಚರ್ಮ ಸುಲಿದ ಹಾಗೆ ಬರುತ್ತದೆ, ಆಮೇಲೆ ಮಾಲೀಕರಿಗೆ ಬಣ್ಣದ ದುಡ್ಡು. ಕಿಟಕಿಯ ಎರಡು ಪಕ್ಕದ ಗೋಡೆ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡಿಗೆ ಒಂದು ಹಗುರ ಪರದೆ ಹಾಕಿಕೊಳ್ಳಿ, ಅಷ್ಟೇ.

ಯಾದಗಿರಿ ಅಂಗಡಿ:
ಬ್ರಾಕೆಟ್ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ 304 ಸ್ಟೀಲ್, ತುಕ್ಕು ಹಿಡಿಯಲ್ಲ. ನಾನು ಹಾರ್ಡ್‌ವೇರ್ ಅಂಗಡಿಯವನು, ಅನುಭವದಿಂದ ಹೇಳ್ತಿದ್ದೇನೆ.

ಲೆಕ್ಕದ ಟೀಚರ್:
ಅಂಟದಿದ್ದರೆ ಕಬ್ಬಿಣ ಅಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. 202 ಅನ್ನುವ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟಲ್ಲ. ಸತುವಿನ ಎರಕದ ಬ್ರಾಕೆಟ್ಟಿಗೂ ಅಂಟಲ್ಲ, ಅದು ಹೊಳೆಯುವ ಲೇಪ ಹಚ್ಚಿಕೊಂಡು ಸ್ಟೀಲ್ ಥರಾನೇ ಕಾಣುತ್ತದೆ.

ಯಾದಗಿರಿ ಅಂಗಡಿ:
ಅದೂ ನಿಜ. ಎರಕದ್ದು ಬಾಗಲ್ಲ, ಟಪ್ ಅಂತ ಮುರಿಯುತ್ತದೆ, ಅದೂ ಪೈಪು ಬಿಗಿಯುವ ಸಣ್ಣ ಸ್ಕ್ರೂ ಇರುವ ಜಾಗದಲ್ಲೇ. ಆ ಸ್ಕ್ರೂ ಅತಿಯಾಗಿ ತಿರುಗಿಸಿ ಮುರಿದು ತಂದು ವಾಪಸ್ ಕೊಡಿ ಅನ್ನುವವರು ವಾರಕ್ಕೊಬ್ಬರು ಇದ್ದೇ ಇರುತ್ತಾರೆ. ಒಳಗೆ ಒಣಗಿರುವ ಹಾಲ್‌ಗೆ ಮಂದನೆ ಕಬ್ಬಿಣದ ತಗಡಿಗೆ ಪೌಡರ್ ಕೋಟಿಂಗ್ ಮಾಡಿದ್ದು ಸಾಕು, ದುಡ್ಡೂ ಉಳಿಯುತ್ತದೆ. ಕಿಟಕಿಗೆ ಕೂಲರ್ ಇಟ್ಟಿದ್ದರೆ ಮಾತ್ರ ಸ್ಟೀಲ್, ಸ್ಕ್ರೂ ಕೂಡ ಸ್ಟೀಲ್. ಬೋರ್ ನೀರಿನ ತೇವಕ್ಕೆ ಸಾದಾ ಸ್ಕ್ರೂ ಎರಡು ಬೇಸಿಗೆಯಲ್ಲಿ ಕೆಂಪಾಗಿ ಗೋಡೆ ಮೇಲೆ ಕಣ್ಣೀರು ಸುರಿಸಿದ ಹಾಗೆ ಕಲೆ ಬಿಡುತ್ತದೆ.

ಜೇವರ್ಗಿ ರೋಡ್‌ನವ:
ಕೂಲರ್ ಇದೆ! ಆ ಕಿಟಕಿಯ ಎಡ ಅರ್ಧಕ್ಕೇ ಇದೆ. ಪಾಯಿಂಟ್ ಕೂಡ ಅಲ್ಲೇ ಪಕ್ಕದ ಗೋಡೆಯಲ್ಲಿದೆ.

ಕರೆಂಟ್ ಕಾಕಾ:
ಇದನ್ನು ಮೊದಲೇ ಹೇಳಬಾರದಾ? ಆ ಪಾಯಿಂಟಿನಿಂದ ವೈರ್ ಪೈಪು ಗೋಡೆಯೊಳಗೆ ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ. ನಿಮ್ಮ ಎಡ ಬ್ರಾಕೆಟ್ ಅದರ ನೇರಕ್ಕೆ ಬರುತ್ತದಾ ನೋಡಿ. ಬಂದರೆ ನಾಲ್ಕು ಇಂಚು ಆಚೀಚೆ ಸರಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕ ಯಾವತ್ತೂ ಕೊರೆಯಬೇಡಿ. ಆ ಕೋಣೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ವೈರ್ ಎಳೆದುಕೊಳ್ಳಿ.

ಇನ್ನು ಎಲ್ಲಿ ಹೊಡೆಯೋದು. ಕಿಟಕಿಯ ಮೇಲೆ ಲಿಂಟಲ್ ಇರುತ್ತದೆ, ಸುಮಾರು ಆರು ಇಂಚು ದಪ್ಪದ ಕಾಂಕ್ರೀಟು. ಕಿಟಕಿಯ ಎರಡೂ ಕಡೆ ಇನ್ನೂ ಆರರಿಂದ ಒಂಬತ್ತು ಇಂಚು ಗೋಡೆಯೊಳಗೆ ಹೋಗಿರುತ್ತದೆ. ಅದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚೌಕಟ್ಟಿನ ಮೇಲಿಂದ ಮೂರ್ನಾಲ್ಕು ಇಂಚು, ಅಂದರೆ ಲಿಂಟಲಿನ ನಡುಮಟ್ಟಕ್ಕೆ ಕೊರೆಯಿರಿ. ಕಬ್ಬಿಣದ ಸರಳು ಮೇಲೆ ಕೆಳಗೆ ಇರುತ್ತದೆ, ನಡುವೆ ಅಲ್ಲಲ್ಲಿ ಆ ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗ್ ಮಾತ್ರ. ಬಿಟ್ ಥಟ್ಟನೆ ನಿಂತು ಕಿರ್ರ್ ಅಂದು ಹೊಳೆಯುವ ಪುಡಿ ಬಂದರೆ ಸರಳಿಗೆ ತಾಗಿದೆ ಅಂತ ಅರ್ಥ, ಹಠ ಮಾಡದೆ ಒಂದು ಇಂಚು ಸರಿಸಿ. ಸಣ್ಣ ಮನೆ ಡ್ರಿಲ್ ಇಲ್ಲಿ ಅಳುತ್ತದೆ. ಬಾಡಿಗೆಗೆ ರೋಟರಿ ಹ್ಯಾಮರ್ ಅನ್ನುವ ದೊಡ್ಡ ಡ್ರಿಲ್ ತನ್ನಿ, ಅರ್ಧ ದಿನದ ಕೆಲಸ.

ಬಿದ್ದ ಗುಂಡಿಗೆ ಪುಟ್ಟಿ ತುಂಬಿ ಅಲ್ಲೇ ಮತ್ತೆ ಹೊಡೆಯಬೇಡಿ. ಸಿಮೆಂಟ್ ಮರಳು ತುಂಬಿ ಬಿಡಿ, ಬ್ರಾಕೆಟ್ ಬೇರೆ ಕಡೆ.

ಸೂಜಿದಾರ:
ಪಡುವಣ ಬಿಸಿಲು ಅಂದಿರಲ್ಲ, ರಾಡ್ ಮುಂದೆ ಬಂದಷ್ಟೂ ಪಕ್ಕದಿಂದ ಬೆಳಕು ನುಗ್ಗುತ್ತದೆ. ಅದಕ್ಕೆ ಪ್ರತಿ ಕಡೆ ಎಂಟು ಹತ್ತು ಇಂಚು ಜಾಸ್ತಿ ಹೋಗಿ. ಪರದೆಯ ಕೊನೇ ರಿಂಗ್ ಬ್ರಾಕೆಟ್ಟಿನ ಹೊರಗಡೆ, ತುದಿಯ ಗುಂಡಿನ ಪಕ್ಕ ಬರಲಿ. ಬಟ್ಟೆಯ ಅಂಚಿಗೆ ಒಂದು ಸಣ್ಣ ಕೊಂಡಿ ಹೊಲಿದು ಗೋಡೆಗೆ ಸಿಕ್ಕಿಸಿದರೆ ಪಕ್ಕದ ಸಂದಿ ಮುಚ್ಚುತ್ತದೆ. ದಪ್ಪ ಪರದೆಯ ಕಿಟಕಿ ಕಡೆಯ ಬೆನ್ನು ಬಿಳಿ ಇರಲಿ, ಕಂದು ಬೆನ್ನು ಬಿಸಿಲು ಕುಡಿಯುತ್ತದೆ.

ತೊಗರಿ ಹೊಲ:
ಬ್ರಾಕೆಟ್ ಎಂಟು ಹತ್ತು ಇಂಚು ಆಚೆ ಹೋದರೆ ಲಿಂಟಲ್ ದಾಟಿಬಿಡುತ್ತದಲ್ಲ? ಕಾಕಾ ಒಂದು ಹೇಳ್ತಾರೆ, ಅಕ್ಕ ಇನ್ನೊಂದು ಹೇಳ್ತಾರೆ.

ಸೂಜಿದಾರ:
ಬ್ರಾಕೆಟ್ ಆರು ಇಂಚಿಗೆ ಇಟ್ಟು ಪೈಪು ಅದರಾಚೆ ಮೂರು ಇಂಚು ಚಾಚಲಿ ತಮ್ಮಾ. ಜಗಳ ಹಚ್ಚಬೇಡ.

ಜೇವರ್ಗಿ ರೋಡ್‌ನವ:
ಭಾನುವಾರ ಕೆಲಸ ಮುಗಿಸಿದೆ, ಅದಕ್ಕೆ ಬರೆಯುತ್ತಿದ್ದೇನೆ. ಐದು ಇಂಚು ಉದ್ದದ ತಗಡಿರುವ ಡಬಲ್ ಬ್ರಾಕೆಟ್ ಮೂರು ತಂದೆ, ಸ್ಟೀಲಿನದ್ದು. ಹಿಂದೆ ತೆಳ್ಳನೆ ಪೈಪು, ಮುಂದೆ ಒಂದು ಇಂಚಿನದ್ದು. ನೆಟ್ಟಿನ ರಿಂಗ್ ಪಟ್ಟಿ ಕತ್ತರಿಸಿ ಮಡಚಿ ಹೊಲಿಸಿದೆ, ಮೂರು ಇಂಚು ಗಿಡ್ಡ ಆಯಿತು, ಇರಲಿ.

ಮೊದಲು ಎರಡು ತುದಿ, ಆಮೇಲೆ ನಡುವೆ ದಾರ ಕಟ್ಟಿ ಮೂರನೆಯದು. ರಸಮಟ್ಟ ಇಟ್ಟು ಗುರುತು ಹಾಕಿದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತು, ಆದರೆ ದೂರ ನಿಂತು ನೋಡಿದರೆ ರಾಡ್ ಸೊಟ್ಟ! ಅಳೆದು ನೋಡಿದರೆ ನಮ್ಮ ಕಿಟಕಿಯ ಚೌಕಟ್ಟೇ ಒಂದು ಕಡೆ ಅರ್ಧ ಇಂಚು ಕೆಳಗಿದೆ. ಹನ್ನೆರಡು ವರ್ಷ ಗೊತ್ತೇ ಇರಲಿಲ್ಲ. ರಸಮಟ್ಟ ಬಿಟ್ಟು ಚೌಕಟ್ಟಿನಿಂದಲೇ ಅಳೆದು ಹೊಡೆದೆ, ಈಗ ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ತಪ್ಪಾ ಕಾಕಾ?

ಬಿಟ್ ಮೇಲೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡೆ. ಬಲಗಡೆ ಎರಡನೇ ತೂತಿನಲ್ಲಿ ಸರಳು ಸಿಕ್ಕಿತು, ಹೇಳಿದ ಹಾಗೇ ಕಿರ್ರ್ ಅಂತು, ಒಂದು ಇಂಚು ಮೇಲೆ ಸರಿಸಿದೆ. ಪುಡಿ ಊದುವಾಗ ಕಣ್ಣು ಮುಚ್ಚಲು ಮರೆತು ಅರ್ಧ ಗಂಟೆ ನಲ್ಲಿ ಕೆಳಗೆ ತಲೆ ಇಟ್ಟು ಕೂತಿದ್ದೆ, ಅದು ನನ್ನ ತಪ್ಪು. ಕೊನೆಗೆ ಪೈಪಿಗೆ ನಾನೇ ಎರಡೂ ಕೈಯಿಂದ ಜೋತು ಬೀಳೋಣ ಅಂದುಕೊಂಡೆ, ಮನೆಯವಳು ಬಿಡಲಿಲ್ಲ. ಹತ್ತು ಕಿಲೋ ಜೋಳದ ಹಿಟ್ಟಿನ ಚೀಲ ಬ್ರಾಕೆಟ್ ಪಕ್ಕದಲ್ಲೇ ನೇತು ಹಾಕಿ ಒಂದು ರಾತ್ರಿ ಬಿಟ್ಟೆ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಎಡಗಡೆ ಕೂಲರ್ ಗಾಳಿಗೆ ನೆಟ್ ಹಾರಿ ಹಾರಿ ದಪ್ಪ ಪರದೆಗೆ ಬಡಿಯುವುದೊಂದು ಇನ್ನೂ ಇದೆ.

ಕರೆಂಟ್ ಕಾಕಾ:
ತಪ್ಪಿಲ್ಲ. ನೋಡುವವರು ಕಿಟಕಿ ನೋಡುತ್ತಾರೆ, ರಸಮಟ್ಟ ಹಿಡಿದುಕೊಂಡು ಯಾರೂ ಬರಲ್ಲ. ಹಿಟ್ಟಿನ ಚೀಲ ಇಳಿಸಿದಿರಾ ಇಲ್ಲವಾ?

ಸೂಜಿದಾರ:
ನೆಟ್ಟಿನ ಕೆಳ ಅಂಚಿನೊಳಗೆ ಸೀಸದ ಮಣಿಯ ದಾರ ಹೊಲಿಸಿ, ಹಾರಲ್ಲ. ಇಲ್ಲಾ ಕೂಲರ್ ಹಚ್ಚುವಾಗ ಆ ಕಡೆಯ ನೆಟ್ಟನ್ನು ಒಂದು ಗಂಟು ಹಾಕಿಬಿಡಿ, ನಮ್ಮ ಮನೆಯಲ್ಲಿ ಅದೇ ಮಾಡೋದು.

ಜೇವರ್ಗಿ ರೋಡ್‌ನವ:
ಇಳಿಸಿದೆ ಕಾಕಾ, ಬೆಳಿಗ್ಗೆ ರೊಟ್ಟಿಗೆ ಬೇಕಲ್ಲ. ಹಳೇ ಗುಂಡು ಬುಡದ ಬ್ರಾಕೆಟ್ ಎರಡು ಹಾಗೇ ಉಳಿದಿವೆ. ಯಾರಿಗಾದರೂ ಬೇಕಾ?

ಬಾಡಿಗೆ ಮನೆ:
ನನಗೆ ಕೊಡಿ. ಮಾಲೀಕರು ಬರುವ ತಿಂಗಳು ಊರಿಗೆ ಹೋಗ್ತಿದ್ದಾರೆ.